ಲೇಕ್ ಪೊವೆಲ್‌ನಲ್ಲಿ ಐದು ಬೇಸಿಗೆ: ಏಳಿಂಚು ಪರದೆಯ ಫಿಶ್ ಫೈಂಡರ್

ಫಿಶ್ ಫೈಂಡರ್ ಎಂದರೆ ನೀರಿನಡಿಯ ಮೀನನ್ನೂ ತಳವನ್ನೂ ಶಬ್ದದ ಅಲೆಗಳಿಂದ (ಸೋನಾರ್) ಪತ್ತೆಹಚ್ಚಿ ಪರದೆಯಲ್ಲಿ ತೋರಿಸುವ, ಜೊತೆಗೆ ಜಲಾಶಯದ ನಕ್ಷೆಯೂ ಇರುವ ಯಂತ್ರ. ಮೀನು ಹುಡುಕುವ ಕೆಲಸಕ್ಕೆ ಐದರಲ್ಲಿ ನಾಲ್ಕೂವರೆ, ನಕ್ಷೆಗೆ ಎರಡು. ಹದಿನೆಂಟು ಅಡಿಯ ಅಲ್ಯೂಮಿನಿಯಂ ಬೋಟಿನಲ್ಲಿ ಐದು ಬೇಸಿಗೆ ಓಡಿದ ಮೇಲೆ ಕೊಡುತ್ತಿರುವ ಅಂಕಗಳಿವು.

ಮೊದಲು ನಕ್ಷೆಯ ಮಾತು, ಏಕೆಂದರೆ ಬೋಟಿನ ತಳ ಒಡೆಯುವುದು ಅಲ್ಲೇ. ಅಮೆರಿಕದ ಅರಿಜೋನಾ–ಯೂಟಾ ಗಡಿಯ ಈ ಜಲಾಶಯ ತುಂಬಿದಾಗ ನೀರು ಸಮುದ್ರಮಟ್ಟದಿಂದ 3,700 ಅಡಿ ಎತ್ತರದಲ್ಲಿರುತ್ತದೆ. ಯಂತ್ರದ ನಕ್ಷೆ ತೋರಿಸುವ ಆಳವೆಲ್ಲ ಆ ಮಟ್ಟದಿಂದ ಅಳೆದದ್ದು. 2023ರ ವಸಂತದಲ್ಲಿ ನೀರು 3,520 ಅಡಿಯ ಆಸುಪಾಸಿಗೆ ಇಳಿದಿತ್ತು. ನಕ್ಷೆಯಲ್ಲಿ 185 ಅಡಿ ಎಂದಿದ್ದ ಕಡೆ ನಿಜವಾಗಿ ಉಳಿದದ್ದು ಸುಮಾರು ಐದೇ ಅಡಿ. ಹೊರಡುವ ಮುನ್ನ ಅಂದಿನ ಮಟ್ಟವನ್ನು 3,700ರಿಂದ ಕಳೆದು, ಬಂದ ಅಂತರವನ್ನು ಯಂತ್ರದ ವಾಟರ್ ಲೆವೆಲ್ ಆಫ್‌ಸೆಟ್‌ನಲ್ಲಿ (ನೀರಿನ ಮಟ್ಟ ಸರಿಪಡಿಸುವ ಸೆಟ್ಟಿಂಗ್) ತುಂಬಲೇಬೇಕು. ಆಮೇಲೂ ಪಕ್ಕದ ಕಣಿವೆಗಳ ತುದಿಯಲ್ಲಿ ಕೂತ ಹೂಳು ನಕ್ಷೆಗೆ ಗೊತ್ತಿರುವುದಿಲ್ಲ. ಕಿರಿದಾದ ಕಣಿವೆಗಳಲ್ಲಿ ಬಂಡೆಗೋಡೆಗಳು ಜಿಪಿಎಸ್ ತಡೆಯುವುದರಿಂದ ಬೋಟು ಗೋಡೆಯೊಳಗೆ ಇರುವಂತೆ ಕಾಣುತ್ತದೆ. ಅಲ್ಲಿ ವೇಗ ತಗ್ಗಿಸಿ ನೀರಿನ ಬಣ್ಣ ನೋಡಿ. ಮುಖ್ಯ ಹಾದಿಯ ಬೋಯ್‌ಗಳ (ತೇಲುವ ಗುರುತುಗಳು) ಮೇಲಿನ ಸಂಖ್ಯೆ ಅಣೆಕಟ್ಟಿನಿಂದ ಎಷ್ಟು ಮೈಲಿ ಎಂಬುದನ್ನು ಹೇಳುತ್ತದೆ. ತಾಳೆ ನೋಡಲು ಅದು ಒಳ್ಳೆಯದು.

ಸೋನಾರ್ ಮಾತ್ರ ನಿಜಕ್ಕೂ ಚಿನ್ನ. ಬೇಸಿಗೆಯಲ್ಲಿ ದೊಡ್ಡ ಸ್ಟ್ರೈಪ್ಡ್ ಬಾಸ್ ಮೀನುಗಳು ಮೇಲಿನ ಬಿಸಿನೀರು ಬಿಟ್ಟು ಆಳಕ್ಕಿಳಿಯುತ್ತವೆ. ಸೋನಾರ್‌ನ ಸೆನ್ಸಿಟಿವಿಟಿ (ಸೂಕ್ಷ್ಮತೆ) ಸ್ವಲ್ಪ ಏರಿಸಿದರೆ ಬಿಸಿ ಮತ್ತು ತಣ್ಣೀರು ಸೇರುವ ಪದರ ಮಸುಕಾದ ಪಟ್ಟೆಯಾಗಿ ಮೂಡುತ್ತದೆ. ಅವು ತಿನ್ನುವ ಶಾಡ್ ಎಂಬ ಸಣ್ಣ ಮೀನಿನ ಮರಿಗಳ ಹಿಂಡು ಮೋಡದಂತೆ, ಸ್ಟ್ರೈಪರ್ (ಅದೇ ಸ್ಟ್ರೈಪ್ಡ್ ಬಾಸ್) ಬಾಗಿದ ಗೆರೆಗಳಾಗಿ. ಹಿಂಡು ಕಂಡ ಕೂಡಲೇ ಎಂಜಿನ್ ನಿಲ್ಲಿಸಿ, ಕತ್ತರಿಸಿದ ಆಂಚೊವಿಯನ್ನು (ಎರೆಗೆ ಬಳಸುವ ಸಣ್ಣ ಮೀನು) ಒಂದು ಹಿಡಿ ಚೆಲ್ಲಿ, ಮೂರು ಭಾಗ ಮಾಡಿದ ಆಂಚೊವಿಯ ಒಂದು ತುಂಡನ್ನು ಅರ್ಧ ಔನ್ಸ್ ಜಿಗ್ ಹೆಡ್‌ಗೆ (ತಲೆಗೆ ಸೀಸದ ಭಾರವಿರುವ ಗಾಳ) ಚುಚ್ಚಿ ಇಳಿಬಿಡಿ. ಸೋನಾರ್ ಅಲೆಗಳು ಕೆಳಗಿಳಿದಂತೆ ಶಂಕುವಿನಂತೆ ಹರಡುತ್ತವೆ; 200 ಕಿಲೋಹರ್ಟ್ಸ್‌ನಲ್ಲಿ 20 ಡಿಗ್ರಿ ಶಂಕುವಿನ ಅಗಲ ಆಳದ ಮೂರನೇ ಒಂದಕ್ಕಿಂತ ತುಸು ಹೆಚ್ಚು. 60 ಅಡಿ ಕೆಳಗೆ ಸುಮಾರು 21 ಅಡಿ. ದಾರ ನೆಟ್ಟಗಿದ್ದರೆ ಜಿಗ್ ಇಳಿಯುವ ಗೆರೆಯೂ ಪರದೆಯಲ್ಲಿ ಕಾಣುತ್ತದೆ. ಗಾಳಿಗೆ ಬೋಟು ಸರಿದರೆ ಮಾಯ. ಕಡಿದಾದ ಗೋಡೆಗೆ ತೀರಾ ಹತ್ತಿರ ನಿಂತರೆ ಶಂಕುವಿನ ಅಂಚು ಬಂಡೆಗೆ ಬಡಿದು ಸುಳ್ಳು ತಳ ತೋರಿಸುತ್ತದೆ.

ವೇಗದಲ್ಲಿ ತಳ ಕಾಣದಿದ್ದರೆ ಯಂತ್ರ ಕೆಟ್ಟಿದೆ ಎನ್ನಬೇಡಿ. ಟ್ರಾನ್ಸ್‌ಡ್ಯೂಸರ್ (ಬೋಟಿನ ಹಿಂಬದಿಗೆ ಕೂರಿಸಿದ, ಅಲೆ ಕಳಿಸಿ ಹಿಡಿಯುವ ಸಂವೇದಕ) ಕೆಳಗೆ ಗುಳ್ಳೆ ಹರಿಯುತ್ತಿರುತ್ತದೆ. ಪ್ರೊಪೆಲ್ಲರ್‌ನಿಂದ ಕನಿಷ್ಠ 15 ಇಂಚು ದೂರ, ರಿವೆಟ್ ಸಾಲಿನ ಹಿಂದೆ ಅಲ್ಲ, ತಳಕ್ಕಿಂತ ಸ್ವಲ್ಪ ಕೆಳಗೆ ಕೂರಿಸಿದರೆ ಸರಿಹೋಗುತ್ತದೆ. ವಿದ್ಯುತ್ತನ್ನು ಫ್ಯೂಸ್ ಹಾಕಿ ನೇರ ಬ್ಯಾಟರಿಯಿಂದಲೇ ತೆಗೆದುಕೊಳ್ಳಿ, ಇಲ್ಲದಿದ್ದರೆ ಎಂಜಿನ್‌ನ ವಿದ್ಯುತ್ ಗದ್ದಲ ಪರದೆ ತುಂಬ ಚುಕ್ಕಿಯಾಗುತ್ತದೆ.

ಎರಡನೇ ವರ್ಷದಿಂದ ಸಂವೇದಕದ ಮುಖಕ್ಕೆ ಗಡಸು ನೀರಿನ ಬಿಳಿ ಪೊರೆ ಕಟ್ಟಿತು. ವಿನಿಗರ್‌ಗೆ ಸಮ ನೀರು ಬೆರೆಸಿ, ಬಟ್ಟೆ ಅದ್ದಿ ಹದಿನೈದು ನಿಮಿಷ ಹೊದಿಸಿದರೆ ಬಿಡುತ್ತದೆ. ಬೋಟನ್ನು ವಾರಗಟ್ಟಲೆ ನೀರಲ್ಲೇ ಬಿಟ್ಟರೆ ಕ್ವಾಗಾ ಚಿಪ್ಪುಗಳು (ಹೊರಗಿನಿಂದ ಬಂದು ಹರಡುವ ಸಣ್ಣ ಚಿಪ್ಪುಜೀವಿ) ಅಂಟಿಕೊಳ್ಳುತ್ತವೆ. ಪ್ಲಾಸ್ಟಿಕ್ ಚಮಚದಿಂದ ಕೆರೆಯಿರಿ, ಚಾಕು ಬೇಡ. ದಡಕ್ಕೆ ಬಂದಾಗ ಬ್ರಾಕೆಟ್ ಹಿಂದಿನ ಸಂದಿಯ ನೀರನ್ನೂ ಒರೆಸಿ, ಪ್ಲಗ್‌ಗಳೆಲ್ಲ ತೆಗೆದು ಒಣಗಿಸಿ, ಆಮೇಲೆ ಬೇರೆ ಕೆರೆಗೆ ಇಳಿಸಿ.