ಐದು ಸಾವಿರ ರೂಪಾಯಿಗೆ ನಾಲ್ಕು ಮಿಲಿಮೀಟರ್: ಒಂದು ರೇಸಿಂಗ್ ಅಭಿಮಾನಿ ನಿಧಿಯ ವಿಮರ್ಶೆ

ಕಳೆದ ವರ್ಷದ ಜುಲೈ ತಿಂಗಳಲ್ಲಿ, ಫಾರ್ಮುಲಾ 1ರತ್ತ ಏರುವ ಏಣಿಯ ಕೆಳ ಮೆಟ್ಟಿಲಾದ ಫಾರ್ಮುಲಾ 4ರಲ್ಲಿ ಕಾರು ಓಡಿಸುವ ಹದಿನೇಳು ವರ್ಷದ ಹುಡುಗನೊಬ್ಬನ ಅಭಿಮಾನಿ ನಿಧಿಗೆ ನಾನು ಐದು ಸಾವಿರ ರೂಪಾಯಿ ಕಟ್ಟಿದೆ. ಹುಡುಗನ ಹೆಸರನ್ನಾಗಲಿ, ನಿಧಿಯನ್ನು ನಡೆಸುವ ಜಾಲತಾಣದ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಅವನು ಇನ್ನೂ ಚಿಕ್ಕವನು, ಮತ್ತು ನನ್ನ ದೂರುಗಳಲ್ಲಿ ಅವನ ತಪ್ಪು ಏನೂ ಇಲ್ಲ. ದೇಣಿಗೆ ಕೊಟ್ಟವನು ವಿಮರ್ಶೆ ಬರೆಯುವುದು ಸರಿಯೇ ಎಂದು ಮನೆಯಲ್ಲೇ ಆಕ್ಷೇಪ ಬಂದಿತು. ಆದರೆ ಮೂರು ಹಂತಗಳ ಬೆಲೆಪಟ್ಟಿ ಹಾಕಿ, ಇಷ್ಟು ಹಣಕ್ಕೆ ಇಂತಿಂಥದ್ದು ಸಿಗುತ್ತದೆ ಎಂದು ಬರೆದ ಮೇಲೆ ಅದು ಮಾರಾಟವೇ ಆಯಿತು. ಮಾರಾಟವಾದ ಮೇಲೆ ಕೊಂಡವನು ಮಾತಾಡಬಹುದು ಎಂಬುದು ನನ್ನ ನಿಲುವು.

ಸಾವಿರ ರೂಪಾಯಿಯ ಹಂತಕ್ಕೆ ತಿಂಗಳಿಗೊಂದು ಪತ್ರ. ಐದು ಸಾವಿರಕ್ಕೆ ಪತ್ರದ ಜೊತೆಗೆ ಒಂದು ಟೀ ಶರ್ಟ್ ಮತ್ತು ಕಾರಿನ ಮೇಲೆ ನಮ್ಮ ಹೆಸರು. ಇಪ್ಪತ್ತೈದು ಸಾವಿರಕ್ಕೆ ಇವೆಲ್ಲದರ ಜೊತೆಗೆ ಒಂದು ವಾರಾಂತ್ಯ ಪ್ಯಾಡಕ್ (ತಂಡಗಳು ಬೀಡುಬಿಡುವ ಆವರಣ) ಪ್ರವೇಶ ಮತ್ತು ಚಾಲಕ ಬಳಸಿದ ಕೈಗವಸು. ಹಣ ಕಟ್ಟುವ ಪುಟದಲ್ಲಿ ಜಾಲತಾಣಕ್ಕೆಂದು ಶೇಕಡಾ 10ರಷ್ಟು 'ಟಿಪ್' ಮೊದಲೇ ಸೇರಿಕೊಂಡಿತ್ತು. ಅದನ್ನು ಸೊನ್ನೆಗೆ ಇಳಿಸಲು ಸಾಧ್ಯವಿದೆ ಎಂಬುದು ಎರಡು ಬಾರಿ ಪುಟವನ್ನು ಮೇಲೆ ಕೆಳಗೆ ಸರಿಸಿ ನೋಡಿದ ಮೇಲಷ್ಟೇ ತಿಳಿಯಿತು. ರಸೀದಿಯಲ್ಲಿ 'ದೇಣಿಗೆ' ಎಂದು ಬರೆದಿತ್ತು. ದೇಣಿಗೆ ಎಂಬ ಪದ ಕಂಡೊಡನೆ ಆದಾಯ ತೆರಿಗೆಯ 80ಜಿ ರಿಯಾಯಿತಿ ನೆನಪಾಗುವವರಿಗೆ ಒಂದು ಎಚ್ಚರಿಕೆ: ಆ ರಿಯಾಯಿತಿ ನೋಂದಾಯಿತ ಸಂಸ್ಥೆಗಳಿಗೆ ಕೊಟ್ಟ ಹಣಕ್ಕೆ ಮಾತ್ರ ಸಿಗುತ್ತದೆ, ಒಬ್ಬ ವ್ಯಕ್ತಿಗೆ ಕೊಟ್ಟದ್ದಕ್ಕೆ ಸಿಗುವುದಿಲ್ಲ. ಪುಟದಲ್ಲಿ ಈ ಮಾತು ಎಲ್ಲಿಯೂ ಇರಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಕಟ್ಟಿದ್ದು ಏಕೆಂದರೆ, ಈ ಕ್ರೀಡೆಯಲ್ಲಿ ಕಾಲಿಗಿಂತ ಮೊದಲು ಕಾಸು ಓಡಬೇಕು. ಭಾರತದ ಫಾರ್ಮುಲಾ 4ರಲ್ಲಿ ಎಲ್ಲರಿಗೂ ಮಿಗಾಲ್ ಸಂಸ್ಥೆಯ ಒಂದೇ ಬಗೆಯ ಚಾಸಿ (ಕಾರಿನ ಚೌಕಟ್ಟು), ಒಂದೇ ಬಗೆಯ ಆಲ್ಪೀನ್ ಟರ್ಬೊ ಎಂಜಿನ್. ಕಾರು ಒಂದೇ ಆದರೆ ಹಣವಂತನಿಗೆ ಮೇಲುಗೈ ಹೇಗೆ ಎಂದು ಹೊರಗಿನವರು ಕೇಳುತ್ತಾರೆ. ಅಭ್ಯಾಸದ ದಿನಗಳು, ಹೊಸ ಟೈರ್, ಅನುಭವಿ ಎಂಜಿನಿಯರ್, ಗೋಡೆಗೆ ಬಡಿದ ಮೂತಿಯ ರಿಪೇರಿ, ಎಲ್ಲಕ್ಕೂ ಬೆಲೆಯಿದೆ, ಮತ್ತು ಸಾಮಾನ್ಯವಾಗಿ ಆ ಬಿಲ್ಲು ಚಾಲಕನ ಮನೆಗೇ ಬರುತ್ತದೆ. ಗೋ-ಕಾರ್ಟ್‌ನಿಂದ ಫಾರ್ಮುಲಾ 2ರ ವರೆಗಿನ ಏಣಿ ಹತ್ತುವಷ್ಟರಲ್ಲಿ ಹಲವು ದಶಲಕ್ಷ ಯೂರೋ ಖರ್ಚಾಗುತ್ತದೆ. ನಮ್ಮ ಬೆಂಗಳೂರಿನ ಅರ್ಜುನ್ ಮೈನಿ 2018ರಲ್ಲಿ ಫಾರ್ಮುಲಾ 2 ತಲುಪಿದರು; ಅವರ ತಮ್ಮ ಕುಶ್ ಮೈನಿ 2025ರ ಮೇ ತಿಂಗಳಲ್ಲಿ ಮೊನಾಕೊದ ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ದರು. ಅವರ ಸಾಮರ್ಥ್ಯದ ಬಗ್ಗೆ ಎರಡು ಮಾತಿಲ್ಲ, ಆದರೆ ಅಲ್ಲಿಯವರೆಗಿನ ದಾರಿಯಲ್ಲಿ ಕುಟುಂಬವೂ ಕಂಪನಿಗಳೂ ಬೆನ್ನಿಗಿದ್ದವು. ಅಂಥ ಬೆನ್ನು ಇಲ್ಲದವನಿಗೆ ನಾಲ್ಕು ಜನ ಸೇರಿ ಹೆಗಲು ಕೊಡಬಹುದೇ ಎಂಬ ಕುತೂಹಲ ನನಗೆ ಬಹಳ ದಿನಗಳಿಂದ ಇತ್ತು.

ಟೀ ಶರ್ಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆರು ವಾರಕ್ಕೆ ಬಂತು, ಮೂರನೆಯ ಒಗೆತಕ್ಕೆ ಎದೆಯ ಮೇಲಿನ ಅಕ್ಷರಗಳು ಎದ್ದವು, ಈಗ ಬೈಕು ಒರೆಸಲು ಬಳಕೆಯಾಗುತ್ತಿದೆ. ಆದರೆ ಎಲ್ಲಕ್ಕಿಂತ ಅಗ್ಗದ ಹಂತಕ್ಕೂ ಸಿಗುವ ಆ ತಿಂಗಳ ಪತ್ರವೇ ಈ ಯೋಜನೆಯ ನಿಜವಾದ ಸರಕು. ಹುಡುಗ ತಾನೇ ಬರೆಯುತ್ತಾನೆ ಎಂಬುದು ಅದರ ತಪ್ಪುಗಳಿಂದಲೇ ಗೊತ್ತಾಗುತ್ತದೆ. ಒಂದು ಪತ್ರದಲ್ಲಿ, ಮಳೆ ಬಿದ್ದ ಟ್ರ್ಯಾಕ್ ಒಣಗುವಾಗ ಎಲ್ಲರೂ ಓಡುವ ಸಾಲನ್ನು ಬಿಟ್ಟು ಒದ್ದೆ ನೆಲದ ಮೇಲೆ ಚಕ್ರ ಇಳಿಸಿ ಟೈರಿನ ಬಿಸಿಯನ್ನು ಹೇಗೆ ತಗ್ಗಿಸಬೇಕೆಂದು ಅರ್ಧ ಪುಟ ಬರೆದಿದ್ದ. ಇನ್ನೊಂದರಲ್ಲಿ, ತಾನು ಬ್ರೇಕ್ ಹಿಡಿಯಲು ತಡ ಮಾಡಿ ಇನ್ನೊಬ್ಬನಿಗೆ ಗುದ್ದಿದ ತಪ್ಪನ್ನು ಯಾವ ನೆಪವೂ ಹೇಳದೆ ಒಪ್ಪಿಕೊಂಡಿದ್ದ. ಟಿವಿಯಲ್ಲಿ ಇಪ್ಪತ್ತು ವರ್ಷ ರೇಸ್ ನೋಡಿದ ನನಗೆ ಇಂಥ ಒಳನೋಟ ಬೇರೆಲ್ಲೂ ಸಿಕ್ಕಿರಲಿಲ್ಲ.

ಹೆಸರನ್ನು ಕಣ್ಣಾರೆ ನೋಡಲೆಂದು ಇರುಂಗಾಟ್ಟುಕೋಟ್ಟೈಯ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ಗೆ ಹೋದೆವು. ಬೆಂಗಳೂರಿನಿಂದ ಹೊರಟವರಿಗೆ ಇದು ಚೆನ್ನೈ ನಗರದೊಳಗೆ ಸಿಕ್ಕಿಹಾಕಿಕೊಳ್ಳುವ ಮೊದಲೇ, ಹೆದ್ದಾರಿಯ ಬಳಿಯಲ್ಲೇ ಸಿಗುತ್ತದೆ. ನಸುಕಿನಲ್ಲಿ ಹೊರಟು, ವೆಲ್ಲೂರಿನ ಬಳಿ ತಿಂಡಿ ಮುಗಿಸಿದರೆ ಬೆಳಗಿನ ಅರ್ಹತಾ ಸುತ್ತಿಗೆ ತಲುಪಬಹುದು. 3.717 ಕಿಲೋಮೀಟರ್ ಉದ್ದದ ಆ ಟ್ರ್ಯಾಕ್‌ನಲ್ಲಿ ನಮ್ಮ ಹುಡುಗ ಮಧ್ಯದ ಗುಂಪಿನಲ್ಲೇ ಓಡಿದ. ರೇಸ್ ಮುಗಿದ ಮೇಲೆ ಕಾರಿನ ಹತ್ತಿರ ಬಿಟ್ಟರು. ಪಕ್ಕದ ಕವಚದ ಕೆಳ ಅಂಚಿನಲ್ಲಿ, ನೆಲಕ್ಕೆ ಗೇಣುದ್ದ ಮೇಲೆ, ಮುನ್ನೂರಕ್ಕೂ ಹೆಚ್ಚು ಹೆಸರುಗಳು ಇರುವೆ ಸಾಲಿನಂತೆ ಇದ್ದವು. ಅಕ್ಷರದ ಎತ್ತರ ನಾಲ್ಕು ಮಿಲಿಮೀಟರ್ ಇದ್ದೀತು. ನಾನು ಮಂಡಿಯೂರಿ, ಹೆಂಡತಿ ಮೊಬೈಲ್ ಕ್ಯಾಮೆರಾ ಹಿಗ್ಗಿಸಿ ಹುಡುಕುತ್ತಿರುವಾಗ ಹುಡುಗನೇ ಬಂದು ಬೆರಳಿಟ್ಟು, "ಇಲ್ಲಿದೆ ನೋಡಿ ಅಂಕಲ್" ಎಂದ. ಒಂದು ಅಕ್ಷರ ತಪ್ಪಾಗಿತ್ತು. ಆ ಕ್ಷಣದಲ್ಲಿ ತಪ್ಪು ಅಷ್ಟೇನೂ ದೊಡ್ಡದೆನಿಸಲಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ದಾಖಲಿಸಬೇಕು; ಮರಳಿ ಬರುವಾಗ, ಕೃಷ್ಣಗಿರಿ ದಾಟಿದ ಮೇಲೆ, ಎನಿಸಿತು.

ಈ ಬಗೆಯ ಸೇವೆಗೆ ಬೆಲೆ ಕಟ್ಟಲು ಹಿಂದಿನ ಉದಾಹರಣೆಗಳೇ ಅಳತೆಗೋಲು. ನನ್ನ ಮಟ್ಟಿಗೆ ಅವುಗಳಲ್ಲಿ ಮೊದಲನೆಯದು ಜಪಾನಿನ ಫಾರ್ಮುಲಾ 1 ಚಾಲಕ ಕಮುಯಿ ಕೊಬಾಯಾಶಿಯವರದು. ಅಮಾಗಸಾಕಿಯ ಸುಶಿ ಅಂಗಡಿಯವರ ಮಗನಾದ ಅವರು 2012ರ ಅಕ್ಟೋಬರ್‌ನಲ್ಲಿ ಸುಜುಕಾದ ತವರು ಪ್ರೇಕ್ಷಕರ ಎದುರು ಸೌಬರ್ ಕಾರಿನಲ್ಲಿ ಮೂರನೆಯವರಾಗಿ ವೇದಿಕೆ ಹತ್ತಿದರು. ಮುಂದಿನ ವರ್ಷಕ್ಕೆ ತಂಡ ಅವರನ್ನು ಉಳಿಸಿಕೊಳ್ಳಲಿಲ್ಲ. ಪ್ರಾಯೋಜಕರ ಹಣ ತರುವ ಚಾಲಕರಿಗೇ ಸ್ಥಾನ ಸಿಗುತ್ತಿದ್ದ ಆ ಕಾಲದಲ್ಲಿ ಅವರು ಅಭಿಮಾನಿಗಳಿಗೆ ಕೈಯೊಡ್ಡಿದರು, ಮತ್ತು ಕೆಲವೇ ವಾರಗಳಲ್ಲಿ ಹತ್ತು ಕೋಟಿ ಯೆನ್‌ಗೂ ಹೆಚ್ಚು ಹಣ ಸೇರಿತು. ಆದರೂ 2013ಕ್ಕೆ ಸ್ಥಾನ ಸಿಗಲಿಲ್ಲ. ಅಭಿಮಾನಿಗಳ ಹಣವೆಲ್ಲ ಸೇರಿದರೂ ಒಂದು ಸಾಧಾರಣ ತಂಡದ ಆಸನದ ಬೆಲೆಗೆ ಸಾಲದು ಎಂಬ ಕಹಿ ಲೆಕ್ಕ ಅಲ್ಲಿ ಬಯಲಾಯಿತು. ಅವರು ಅದನ್ನು ಮುಚ್ಚಿಡದೆ, ಇನ್ನು ದೇಣಿಗೆ ಬೇಡವೆಂದು ತಿಳಿಸಿ, ಬಂದ ಹಣವನ್ನು 2014ರ ಪ್ರಯತ್ನಕ್ಕೆ ಕಾದಿರಿಸುವುದಾಗಿ ಹೇಳಿದರು. 2014ರಲ್ಲಿ ಕೇಟರ್‌ಹ್ಯಾಮ್ ತಂಡದಲ್ಲಿ ಮರಳಿದರು. ಕೊಟ್ಟವರಿಗೆ ಸ್ಪಷ್ಟವಾಗಿ ಹೇಳುವುದು ಎಂದರೆ ಹೀಗೆ.

ಅದೇ ಕೇಟರ್‌ಹ್ಯಾಮ್ ಆ ವರ್ಷದ ಕೊನೆಗೆ ದಿವಾಳಿಯ ಅಂಚಿಗೆ ಬಂದು, ಅಮೆರಿಕ ಮತ್ತು ಬ್ರೆಜಿಲ್ ರೇಸ್‌ಗಳನ್ನು ತಪ್ಪಿಸಿಕೊಂಡಿತು. ತಂಡದ ಹೊಣೆ ವಹಿಸಿಕೊಂಡ ದಿವಾಳಿ ಆಡಳಿತಾಧಿಕಾರಿಗಳು ಅಬುಧಾಬಿಯ ಅಂತಿಮ ರೇಸ್‌ಗಾಗಿ, ಜನರಿಂದ ಹಣ ಎತ್ತುವ ಕ್ರೌಡ್‌ಕ್ಯೂಬ್ ಜಾಲತಾಣದ ಮೂಲಕ 23.5 ಲಕ್ಷ ಪೌಂಡ್ ಎತ್ತಲು ಹೊರಟರು. ತಂಡದ ಬಟ್ಟೆಬರೆಯಿಂದ ಕಾರಿನ ಬಿಡಿಭಾಗಗಳವರೆಗೆ ಎಲ್ಲವನ್ನೂ ಪ್ರತಿಫಲವೆಂದು ಪಟ್ಟಿ ಮಾಡಿದ್ದರು, ಅಂದರೆ ಮನೆಯ ಸಾಮಾನು ಮಾರಿ ಮಗಳ ಮದುವೆ ಮಾಡಿದಂತೆ. ಫಾರ್ಮುಲಾ 1ರ ಆಗಿನ ಯಜಮಾನ ಬರ್ನಿ ಎಕ್ಲೆಸ್ಟನ್‌ಗೆ ಇದು ಹಿಡಿಸಲಿಲ್ಲ. ಭಿಕ್ಷಾಪಾತ್ರೆ ಹಿಡಿದು ಬರುವುದು ಬೇಡವೆಂಬರ್ಥದ ಮಾತಾಡಿದರು. ಹಣ ಬಂದಿತು, ಎರಡು ಕಾರುಗಳು ಹೋದವು. ಕೊಬಾಯಾಶಿ ಅರ್ಧದಲ್ಲೇ ನಿವೃತ್ತರಾದರು, ಫಾರ್ಮುಲಾ 1ರ ಮೊದಲ ರೇಸ್ ಓಡಿದ ವಿಲ್ ಸ್ಟೀವನ್ಸ್ 17ನೆಯವರಾಗಿ ಕೊನೆಗೆ ಗೆರೆ ಮುಟ್ಟಿದರು. ತಂಡ ಉಳಿಯಲಿಲ್ಲ. ಆದರೂ ಕೊಂಡವರು ಮೋಸ ಹೋಗಲಿಲ್ಲವೆಂದೇ ನನ್ನ ಎಣಿಕೆ, ಏಕೆಂದರೆ ಮಾರಿದ್ದು ಒಂದೇ ರೇಸ್, ಕೊಟ್ಟದ್ದೂ ಒಂದು ರೇಸ್. ಸ್ಟೀವನ್ಸ್ ಮಾತ್ರ ಮರುವರ್ಷ ಮ್ಯಾನರ್ ತಂಡಕ್ಕೆ ಸೇರಿದರು.

ಬ್ರಿಟನ್ನಿನ ಜಸ್ಟಿನ್ ವಿಲ್ಸನ್ ಹಿಡಿದ ದಾರಿ ಇದಕ್ಕಿಂತ ಹಳೆಯದು, ಮತ್ತು ನನ್ನ ಕಣ್ಣಿಗೆ ಹೆಚ್ಚು ಅಚ್ಚುಕಟ್ಟಾದದ್ದು. ಆಗ ಫಾರ್ಮುಲಾ 1ಕ್ಕಿಂತ ಒಂದು ಮೆಟ್ಟಿಲು ಕೆಳಗಿದ್ದ ಫಾರ್ಮುಲಾ 3000ರ 2001ರ ಚಾಂಪಿಯನ್ ಆಗಿದ್ದರೂ ಅವರಿಗೆ ಫಾರ್ಮುಲಾ 1ರ ಮಿನಾರ್ಡಿ ತಂಡದ ಆಸನಕ್ಕೆ ಸುಮಾರು 12 ಲಕ್ಷ ಪೌಂಡ್ ಬೇಕಿತ್ತು. ಮಾಜಿ ಚಾಲಕ ಜೊನಾಥನ್ ಪಾಮರ್ ನೇತೃತ್ವದ ಅವರ ವ್ಯವಸ್ಥಾಪಕ ಬಳಗ 2003ರಲ್ಲಿ ವಿಲ್ಸನ್ನರ ಹೆಸರಿನಲ್ಲೇ ಕಂಪನಿ ತೆರೆದು, ಅವರ ಮುಂದಿನ ಗಳಿಕೆಯಲ್ಲಿ ಪಾಲು ಕೊಡುವ ಷೇರುಗಳನ್ನು ಸಾರ್ವಜನಿಕರಿಗೆ ಮಾರಿತು. ಟೀ ಶರ್ಟಿನ ಆಮಿಷವಿಲ್ಲ: ಅವನು ಗೆದ್ದರೆ ನಿನಗೂ ಲಾಭ, ಇಲ್ಲದಿದ್ದರೆ ಹೋಯಿತು. ಆ ವರ್ಷವೇ ಅವರು ಜಾಗ್ವಾರ್ ತಂಡಕ್ಕೆ ಬಡ್ತಿ ಪಡೆದು ಇಂಡಿಯಾನಾಪೊಲಿಸ್‌ನಲ್ಲಿ ಒಂದು ಅಂಕ ಗಳಿಸಿದರು; ಫಾರ್ಮುಲಾ 1ರ ಬದುಕು ಆ ವರ್ಷಕ್ಕೇ ಮುಗಿಯಿತು. ನಂತರ ಅಮೆರಿಕದಲ್ಲಿ ಹೆಸರು ಮಾಡಿ, 2015ರ ಆಗಸ್ಟ್‌ನಲ್ಲಿ ಅಲ್ಲಿನ ಪೊಕೊನೊ ಟ್ರ್ಯಾಕ್‌ನ ಅಪಘಾತದಲ್ಲಿ ತೀರಿಕೊಂಡರು. ನಮ್ಮಲ್ಲಿ ಸಾರ್ವಜನಿಕರಿಗೆ ಷೇರು ಮಾರಲು, ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ಬಿಗಿ ನಿಯಮಗಳಿರುವುದರಿಂದ, ಫಾರ್ಮುಲಾ 4ರ ಹುಡುಗನೊಬ್ಬನಿಗೆ ಆ ದಾರಿ ಸುಲಭವಲ್ಲ.

ಶುದ್ಧ ದೇಣಿಗೆಗೆ ಉದಾಹರಣೆ ಬೇಕಿದ್ದರೆ ಬಿಲ್ಲಿ ಮಂಗರ್. 2017ರ ಏಪ್ರಿಲ್‌ನಲ್ಲಿ ಡಾನಿಂಗ್ಟನ್‌ನಲ್ಲಿ ನಡೆದ ಬ್ರಿಟಿಷ್ ಫಾರ್ಮುಲಾ 4 ಅಪಘಾತದಲ್ಲಿ ಹದಿನೇಳು ವರ್ಷದ ಅವರು ಎರಡೂ ಕಾಲು ಕಳೆದುಕೊಂಡಾಗ 2.6 ಲಕ್ಷ ಪೌಂಡ್ ಕೇಳಿದ ನಿಧಿ 8 ಲಕ್ಷವನ್ನೂ ದಾಟಿತು. ಅಲ್ಲಿ ಯಾರೂ ಪ್ರತಿಫಲ ಕೇಳಲಿಲ್ಲ. ಅವರು ಮರುವರ್ಷವೇ ತಮಗೆಂದು ಮಾರ್ಪಡಿಸಿದ ಕಾರಿನಲ್ಲಿ ಟ್ರ್ಯಾಕ್‌ಗೆ ಮರಳಿ, 2019ರಲ್ಲಿ ಫ್ರಾನ್ಸಿನ ಪೌ ಗ್ರ್ಯಾಂಡ್ ಪ್ರಿ ರೇಸ್ ಗೆದ್ದರು.

ನಾನು ಹಣ ಕಟ್ಟಿದ ಯೋಜನೆ ಮಾರಾಟ, ಷೇರು, ದೇಣಿಗೆ ಎಂಬ ಈ ಮೂರರಲ್ಲಿ ಯಾವುದೂ ಅಲ್ಲ, ಮೂರೂ ಆಗಲು ನೋಡುತ್ತದೆ. ಅದರ ದೋಷವೆಲ್ಲ ಇಲ್ಲಿಂದಲೇ ಹುಟ್ಟಿದ್ದು. ಜಾಹೀರಾತಿನಲ್ಲಿ 'ಅವನ ಪಯಣದಲ್ಲಿ ಪಾಲುದಾರರಾಗಿ' ಎನ್ನುತ್ತದೆ, ಬೆಲೆಪಟ್ಟಿಯಲ್ಲಿ ಅಂಗಡಿಯಾಗುತ್ತದೆ, ಪ್ರಶ್ನೆ ಕೇಳಿದರೆ ದೇಣಿಗೆಯಾಗುತ್ತದೆ. ನವೆಂಬರ್‌ನಲ್ಲಿ ಹುಡುಗ ಒಂದು ಸುತ್ತಿಗೆ ಇಳಿಯಲೇ ಇಲ್ಲ. ಫಲಿತಾಂಶಗಳ ಪಟ್ಟಿಯಲ್ಲಿ ಅವನ ಹೆಸರು ಕಾಣದೆ ನನಗೆ ವಿಷಯ ತಿಳಿಯಿತು. ಏಳು ವಾರ ಪತ್ರವೂ ಇಲ್ಲ, ಉತ್ತರವೂ ಇಲ್ಲ. ಕೊನೆಗೆ ಬಂದ ಪತ್ರದಲ್ಲಿ, ಹಿಂದಿನ ಸುತ್ತಿನ ಅಪಘಾತದ ರಿಪೇರಿಗೆ ಹಣ ಸಾಲದೆ ಹೀಗಾಯಿತೆಂದು ಅವನೇ ಬರೆದಿದ್ದ, ಕ್ಷಮೆಯನ್ನೂ ಕೇಳಿದ್ದ. ಕ್ಷಮೆ ಕೇಳಬೇಕಾದವನು ಅವನಲ್ಲ. ನಿಧಿ ನಡೆಸುವವರು ಮೊದಲ ವಾರವೇ ಎರಡು ಸಾಲು ಬರೆದಿದ್ದರೆ ಸಾಕಿತ್ತು. ಪ್ರಾಯಶಃ ಇನ್ನಷ್ಟು ಜನ ಕೈಜೋಡಿಸುತ್ತಿದ್ದರೂ ಏನೋ.

ಲೆಕ್ಕದ ವಿಷಯದಲ್ಲಿ ನನ್ನ ತಕರಾರು ಇನ್ನೂ ಗಟ್ಟಿ. ನಮ್ಮ ಬೀದಿಯ ಗಣೇಶೋತ್ಸವಕ್ಕೆ ನೂರು ರೂಪಾಯಿ ಚಂದಾ ಕೊಟ್ಟರೂ, ವಿಸರ್ಜನೆಯಾದ ವಾರದೊಳಗೆ ಪೆಂಡಾಲ್, ಹೂವು, ವಾದ್ಯ, ಪ್ರಸಾದ ಎಂದು ವಿವರಿಸಿ, ಉಳಿಕೆ ಇಷ್ಟು ಎಂಬ ಹಾಳೆಯನ್ನು ಹಾಲಿನ ಬೂತಿನ ಗೋಡೆಗೆ ಅಂಟಿಸುತ್ತಾರೆ. ಇಲ್ಲಿ ಮುನ್ನೂರು ಜನರಿಂದ ಎತ್ತಿದ ಹಣದಲ್ಲಿ ಟೈರ್‌ಗೆ ಎಷ್ಟು, ಪ್ರಯಾಣಕ್ಕೆ ಎಷ್ಟು, ಜಾಲತಾಣದ ಪಾಲಿಗೆ ಎಷ್ಟು ಎಂಬ ಒಂದು ಹಾಳೆಯೂ ಬರಲಿಲ್ಲ. ಮೂರು ಬಾರಿ ಕೇಳಿದೆ. ಮೂರು ಬಾರಿಯೂ ನನ್ನ ಬೆಂಬಲಕ್ಕೆ ಧನ್ಯವಾದ ಹೇಳುವ ಒಂದೇ ಒಕ್ಕಣೆಯ ಉತ್ತರ ಬಂತು.

ಕೊಳ್ಳಬೇಕೆಂದಿರುವವರಿಗೆ ನನ್ನ ಸಲಹೆ: ಸಾವಿರ ರೂಪಾಯಿಯ ಹಂತ ಧಾರಾಳವಾಗಿ ಕೊಳ್ಳಿ, ಆ ಪತ್ರಗಳ ಬೆಲೆ ಅದಕ್ಕಿಂತ ಹೆಚ್ಚು. ಐದು ಸಾವಿರದ ಹಂತ ಬೇಡ. ಆ ಹೆಚ್ಚುವರಿ ಹಣದಲ್ಲಿ ಒಮ್ಮೆ ಇರುಂಗಾಟ್ಟುಕೋಟ್ಟೈಗೆ ಹೋಗಿ ಬರುವುದೇ ಮೇಲು. ಇಪ್ಪತ್ತೈದು ಸಾವಿರದ ಹಂತವನ್ನು ನಾನು ಪರೀಕ್ಷಿಸಿಲ್ಲವಾದ್ದರಿಂದ ಅದರ ಬಗ್ಗೆ ಏನೂ ಹೇಳಲಾರೆ. ಐದಕ್ಕೆ ಅಂಕ ಕೊಡುವುದಾದರೆ ಹುಡುಗನಿಗೆ ನಾಲ್ಕೂವರೆ, ನಿಧಿ ನಡೆಸುವವರಿಗೆ ಒಂದೂವರೆ. ಈ ವರ್ಷ ಸಾವಿರ ರೂಪಾಯಿಯ ಹಂತಕ್ಕೆ ಇಳಿದು ನವೀಕರಿಸಿದ್ದೇನೆ, ಟಿಪ್ ಅನ್ನು ಸೊನ್ನೆಗೆ ಇಳಿಸಿಯೇ. ಹೊಸ ಋತುವಿನ ಮೊದಲ ಪತ್ರ ಕಳೆದ ವಾರ ಬಂತು. ಕಾರಿನ ಹೊಸ ಬಣ್ಣದ ಚಿತ್ರದ ಕೆಳಗೆ, ಹಳೆಯ ಕವಚದಿಂದ ಹೆಸರುಗಳ ಪಟ್ಟಿಯನ್ನು ಕಿತ್ತು ತನ್ನ ಕೋಣೆಯ ಗೋಡೆಗೆ ಅಂಟಿಸಿಕೊಂಡಿರುವುದಾಗಿ ಬರೆದಿದ್ದಾನೆ. ನನ್ನ ಹೆಸರಿನಲ್ಲಿದ್ದ ತಪ್ಪನ್ನು ಪೆನ್ನಿನಿಂದ ತಿದ್ದಿದ್ದಾನಂತೆ.