ಲಾಯೋಲ್ ಮಡಚು ಚಾಕು: ಕೊಟ್ಟ ದುಡ್ಡಿಗೆ ತಕ್ಕದ್ದೇ?

ಮೊದಲೇ ಹೇಳಿಬಿಡುತ್ತೇನೆ, ಚಾಕು ತುಂಬಾ ಚೆನ್ನಾಗಿದೆ. ಬೆಲೆ ಮಾತ್ರ ಜಾಸ್ತಿ. ಒಳ್ಳೆಯದಕ್ಕೆ ನೂರು ಯೂರೋ ದಾಟುತ್ತದೆ, ಕೊಂಬಿನ ಹಿಡಿ ಬೇಕೆಂದರೆ ಇನ್ನೂ ಮೇಲೆ. ಪ್ಯಾರಿಸ್‌ನಲ್ಲಿರುವ ಭಾವ ಮುಂಬೈಗೆ ಬರುವಾಗ ತಂದುಕೊಟ್ಟರು. ತರಿಸುವವರು ನೆನಪಿಡಿ, ಇದನ್ನು ವಿಮಾನದಲ್ಲಿ ಕೈಚೀಲದಲ್ಲಿ ಬಿಡುವುದಿಲ್ಲ, ಚೆಕ್-ಇನ್ ಲಗೇಜಿನಲ್ಲೇ ಹಾಕಬೇಕು. ಘಾಟ್‌ಕೋಪರ್‌ನ ನಮ್ಮ ಮನೆಯಲ್ಲಿ ಈಗ ಮಾವಿನಹಣ್ಣು, ಪೇರಳೆ, ಬ್ರೆಡ್ಡು, ಕೊರಿಯರ್ ಡಬ್ಬ ಎಲ್ಲಕ್ಕೂ ಇದೇ ಚಾಕು. ಹಿಡಿ ಸ್ವಲ್ಪ ಬಾಗಿದೆ, ಅಂಗೈಯಲ್ಲಿ ಸರಿಯಾಗಿ ಕೂರುತ್ತದೆ. ಅಲಗು ತೆಳು, ಮಾಗಿದ ಆಪೂಸು ಕೂಡ ನಜ್ಜಾಗದೆ ಹೋಳಾಗುತ್ತದೆ.

ಲಾಯೋಲ್ ಒಂದು ಊರಿನ ಹೆಸರು. ದಕ್ಷಿಣ ಫ್ರಾನ್ಸಿನ ಆವೆರಾನ್ ಜಿಲ್ಲೆಯಲ್ಲಿ ಓಬ್ರಾಕ್ ಅನ್ನುವ ಎತ್ತರದ ಬಯಲಿದೆ. ಹಳೇ ಜ್ವಾಲಾಮುಖಿಗಳ ಕಪ್ಪು ಕಲ್ಲು, ಗ್ರಾನೈಟ್, ಮರ ಕಡಿಮೆ, ಕಣ್ಣು ಹಾಯುವಷ್ಟು ದೂರ ಹುಲ್ಲು. ಊರು ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಮೇಲಿದೆ, ಜನ ಸಾವಿರ ಚಿಲ್ಲರೆ. ಚಳಿಗಾಲ ಉದ್ದ, ಹಿಮ ಬೀಳುತ್ತದೆ. ಬದುಕು ನಡೆದದ್ದು ದನಗಳಿಂದ. ಓಬ್ರಾಕ್ ತಳಿಯ ಹಸುಗಳನ್ನು ಮೇ ಕೊನೆಯ ಹೊತ್ತಿಗೆ ಮೇಲಿನ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗುತ್ತಾರೆ. ಊರ ಚೌಕದಲ್ಲಿ 1947ರಿಂದ ನಿಂತಿರುವುದು ಒಂದು ಕಂಚಿನ ಹೋರಿ.

ಈ ಚಾಕು ಹುಟ್ಟಿದ್ದು 1829ರಲ್ಲಿ, ಪಿಯೆರ್-ಜಾನ್ ಕಾಲ್ಮೆಲ್ ಅನ್ನುವವನ ಕೈಯಲ್ಲಿ ಎಂದು ಅಲ್ಲಿನವರು ಹೇಳುತ್ತಾರೆ. ಚಳಿಗಾಲದಲ್ಲಿ ಮರ ಕೊಯ್ಯುವ ಕೆಲಸಕ್ಕೆ ಸ್ಪೇನಿಗೆ ಹೋಗುತ್ತಿದ್ದ ಗಂಡಸರು ಅಲ್ಲಿಂದ ತಂದ ನವಾಹಾ ಚಾಕುವಿನ ಆಕಾರವೂ ಇದರಲ್ಲಿ ಸೇರಿದೆ. ಸುಮಾರು 1840ರಲ್ಲಿ ಇದಕ್ಕೆ ದಬ್ಬಣದಂಥ ಒಂದು ಮೊನೆ ಸೇರಿತು. ದನ ಹಸಿ ಹುಲ್ಲು ಜಾಸ್ತಿ ಮೇಯ್ದು ಹೊಟ್ಟೆ ಉಬ್ಬರ ಬಂದರೆ ಪಕ್ಕೆಗೆ ಚುಚ್ಚಿ ಗಾಳಿ ಬಿಡಿಸಿ ಉಳಿಸಿಕೊಳ್ಳುವುದಕ್ಕೆ ಅದು. 1880ರಲ್ಲಿ ಬಾಟಲಿಯ ಬಿರಡೆ ತೆಗೆಯುವ ಸ್ಕ್ರೂ ಬಂತು.

ದನ ಕಾಯುವವನಿಗೆ ಬಿರಡೆ ಸ್ಕ್ರೂ ಯಾಕೆ ಅನ್ನಿಸುತ್ತದಲ್ವಾ? ಅದು ಬಂದದ್ದು ಪ್ಯಾರಿಸ್‌ನ ದಾರಿಯಲ್ಲಿ. ಬಯಲಿನ ಮೇಲೆ ಎಲ್ಲರಿಗೂ ಅನ್ನ ಹುಟ್ಟುತ್ತಿರಲಿಲ್ಲ, ಹುಡುಗರು ರಾಜಧಾನಿಗೆ ಹೋದರು. ನೀರು ಹೊತ್ತರು, ಕಲ್ಲಿದ್ದಲು ಮಾರಿದರು, ಕಲ್ಲಿದ್ದಲ ಅಂಗಡಿಯಲ್ಲೇ ವೈನ್ ಸುರಿದು ಕೊಡತೊಡಗಿದರು, ಆಮೇಲೆ ಕೆಫೆಗಳನ್ನೇ ತೆರೆದರು. ಒಬ್ಬ ನೆಲೆ ನಿಂತರೆ ಊರಿನಿಂದ ಇನ್ನೊಬ್ಬನನ್ನು ಕರೆಸಿಕೊಳ್ಳುತ್ತಿದ್ದ. ಪ್ಯಾರಿಸ್‌ನ ಹೆಸರಾಂತ ಬ್ರಾಸರಿ ಲಿಪ್ ಹೋಟೆಲನ್ನು 1920ರಲ್ಲಿ ಕೊಂಡು ಬೆಳೆಸಿದ ಮಾರ್ಸೆಲಾನ್ ಕಾಜ್ ಇದೇ ಲಾಯೋಲ್‌ನವನು.

ಮುಂಬೈಯಲ್ಲಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಡುಪಿ, ಕಾರ್ಕಳದ ಕಡೆಯ ಹುಡುಗರು ಇಲ್ಲಿಗೆ ಬಂದು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ, ಮುಂದೆ ತಮ್ಮದೇ ಹೋಟೆಲ್ ಇಟ್ಟವರು. ಮಾಟುಂಗದ ರಾಮಾ ನಾಯಕರ ಊಟದ ಮನೆ 1942ರಿಂದ ನಡೆಯುತ್ತಿದೆ. ಘಟ್ಟದ ಕೆಳಗಿನ ಜನ ಮುಂಬೈಗೆ ಮಾಡಿದ್ದನ್ನೇ ಆ ಬಯಲಿನ ಜನ ಪ್ಯಾರಿಸ್‌ಗೆ ಮಾಡಿದ್ದಾರೆ. ಅದಕ್ಕೇ ಈ ಚಾಕು ನನಗೆ ಇಷ್ಟೊಂದು ಹತ್ತಿರ ಅನ್ನಿಸುತ್ತದೆ.

ಆಮೇಲೆ ಊರಿಗೆ ಕಷ್ಟ ಬಂತು. ಇಪ್ಪತ್ತನೇ ಶತಮಾನದಲ್ಲಿ ತಯಾರಿಕೆ ಎಲ್ಲ ತಿಯೇರ್ ಪಟ್ಟಣಕ್ಕೆ ಹೋಯಿತು, ಲಾಯೋಲ್‌ನಲ್ಲಿ ಕುಲುಮೆ ಆರಿತು. 1987ರಲ್ಲಿ ಮತ್ತೆ ಕಾರ್ಖಾನೆ ಶುರುವಾಯಿತು, ಫಿಲಿಪ್ ಸ್ಟಾರ್ಕ್ ವಿನ್ಯಾಸ ಮಾಡಿದ ಆ ಕಟ್ಟಡದ ಮಾಡಿನ ಮೇಲೆ 18 ಮೀಟರ್ ಎತ್ತರದ ಚಾಕುವಿನ ಅಲಗು ನಿಂತಿದೆ. ಆದರೆ ಹೊರಗಿನವರು ಊರಿನ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಕೊಂಡು ಬೇರೆ ಬೇರೆ ಸಾಮಾನಿಗೆ ಹಾಕಿದರು. ಕೋರ್ಟಿನಲ್ಲಿ ಸೋತ ಊರಿನವರು 2012ರಲ್ಲಿ ಸಿಟ್ಟಿನಿಂದ ಊರಿನ ನಾಮಫಲಕವನ್ನೇ ಕಿತ್ತು ಹಾಕಿದರು. ತಮ್ಮ ಊರಿನ ಹೆಸರೇ ತಮ್ಮ ಕೈ ತಪ್ಪಿತು ಅಂದರೆ ಯಾರಿಗೆ ಹೊಟ್ಟೆ ಉರಿಯುವುದಿಲ್ಲ ಹೇಳಿ.

ಹಾಗಾಗಿ ಅಗ್ಗಕ್ಕೆ ಸಿಕ್ಕಿತು ಎಂದು ಸುಮ್ನೆ ಕೊಳ್ಳಬೇಡಿ. ಇಲ್ಲಿನ ಒಂದು ಮಾಲ್‌ನಲ್ಲಿ ಇದೇ ಹೆಸರಿನ ಆರು ಚಾಕುಗಳ ಸೆಟ್ ನೋಡಿದೆ, ಹಿಡಿ ಪ್ಲಾಸ್ಟಿಕ್, ಈ ಚಾಕುವಿನ ಗುರುತಾಗಿ ಬೆನ್ನಿನ ಮೇಲಿರುವ ಲೋಹದ ಜೇನುನೊಣ ಅಂಟಿಸಿದ್ದು. ಒಳ್ಳೆಯ ಕೆಲಸದಲ್ಲಿ ಆ ನೊಣವೂ ಅಲಗನ್ನು ಹಿಡಿದಿಡುವ ಸ್ಪ್ರಿಂಗೂ ಒಂದೇ ಉಕ್ಕಿನ ತುಂಡು. ಹಿಡಿಯಲ್ಲಿ ಸಣ್ಣ ಮೊಳೆಗಳ ಶಿಲುಬೆ ಇರುತ್ತದೆ, ಕುರುಬರು ಚಾಕುವನ್ನು ಬ್ರೆಡ್ಡಿಗೆ ಚುಚ್ಚಿ ನಿಲ್ಲಿಸಿ ಪ್ರಾರ್ಥನೆ ಮಾಡುತ್ತಿದ್ದರಂತೆ.

ಕೊರತೆಯೂ ಇದೆ. ತೆರೆದ ಅಲಗಿಗೆ ಲಾಕ್ ಇಲ್ಲ, ಮಕ್ಕಳ ಕೈಗೆ ಬೇಡ. ಮಡಚುವಾಗ ಪಟ್ಟನೆ ಬಿಡದೆ ಕೈಯಿಂದಲೇ ನಿಧಾನಕ್ಕೆ ಇಳಿಸಿ, ಇಲ್ಲದಿದ್ದರೆ ಅಲಗಿನ ಬಾಯಿ ಹಾಳಾಗುತ್ತದೆ. ತೆಂಗಿನಕಾಯಿಗೆ ಖಂಡಿತ ತಾಗಿಸಬೇಡಿ. ಮುಂಬೈ ಮಳೆಗಾಲದಲ್ಲಿ ಕಾರ್ಬನ್ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ, ಸ್ಟೇನ್‌ಲೆಸ್ ಅಲಗನ್ನೇ ಕೇಳಿ. ಹಣ್ಣು ಕೊಯ್ದ ಕೂಡಲೇ ಒರೆಸಿಡಿ, ನೀರಿನಲ್ಲಿ ನೆನೆಸಿಡಬೇಡಿ.

ನನ್ನದು ಬರೀ ಅಲಗಿನದ್ದು. ಭಾವನಿಗೆ ಇನ್ನೊಂದು ಹೇಳಿಟ್ಟಿದ್ದೇನೆ, ಸ್ಕ್ರೂ ಇರುವುದು, ಚೆಂಬೂರಿನಲ್ಲಿ ಹೋಟೆಲ್ ನಡೆಸುವ ಚಿಕ್ಕಪ್ಪನಿಗೆ ಕೊಡಲು.