ಪ್ರಮಿಪೆಕ್ಸೋಲ್ ಮಾತ್ರೆ: ಕೈ ಹಿಡಿತಕ್ಕೆ ಬಂತು, ಮನಸ್ಸು ಹಿಡಿತ ತಪ್ಪಿತು

ಪಾರ್ಕಿನ್ಸನ್ ಕಾಯಿಲೆಗಾಗಿ ನಮ್ಮ ತಂದೆಯವರು ಸುಮಾರು ಎರಡು ವರ್ಷ ಪ್ರಮಿಪೆಕ್ಸೋಲ್ ಮಾತ್ರೆ ಸೇವಿಸಿದರು. ಅವರನ್ನು ನೋಡಿಕೊಂಡ ಮಗಳಾಗಿ ಈ ಔಷಧದ ಬಗ್ಗೆ ಬರೆಯುತ್ತಿದ್ದೇನೆ.

ಮಾತ್ರೆ ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನವಿಲ್ಲ. ದಿನಕ್ಕೆ ಮೂರು ಸಲ 0.125 ಮಿಲಿಗ್ರಾಂನಿಂದ ಆರಂಭಿಸಿದ ಪ್ರಮಾಣವನ್ನು ವೈದ್ಯರು ಹಂತಹಂತವಾಗಿ ಏರಿಸಿದಂತೆ, ಅಂಗಿಯ ಗುಂಡಿಗಳೊಂದಿಗೆ ಕಾಲು ಗಂಟೆ ಹೆಣಗಾಡುತ್ತಿದ್ದವರು ಯಾರ ನೆರವೂ ಇಲ್ಲದೆ ಉಡುಪು ಧರಿಸತೊಡಗಿದರು. ಇರುವೆ ಸಾಲಿನಂತೆ ಕುಗ್ಗಿಹೋಗಿದ್ದ ಅಕ್ಷರಗಳು ಮತ್ತೆ ಓದಲು ಬರುವಂತಾದವು. ವಾಕರಿಕೆ ಮತ್ತು ಹಗಲು ತೂಕಡಿಕೆಯ ಬಗ್ಗೆ ಮೊದಲೇ ತಿಳಿಸಿದ್ದರಿಂದ ಅವು ಬಂದಾಗ ನಾವು ಗಾಬರಿಯಾಗಲಿಲ್ಲ.

ಎಂಟು ತಿಂಗಳಾದ ಮೇಲೆ, ಒಂದು ರಾತ್ರಿ ಎರಡು ಗಂಟೆಗೆ ಎದ್ದಾಗ ಅವರು ಗೋಡೆ ಗಡಿಯಾರವನ್ನು ಬಿಚ್ಚಿ, ಅದರ ತಿರುಪುಗಳನ್ನು ಹಳೆಯ ಪತ್ರಿಕೆಯ ಮೇಲೆ ಗಾತ್ರಕ್ಕೆ ತಕ್ಕಂತೆ ಸಾಲಾಗಿ ಇಡುತ್ತಿದ್ದರು. ಸಾಲು ಮುಗಿದೊಡನೆ ಅಷ್ಟನ್ನೂ ಕಲಸಿ ಮೊದಲಿನಿಂದ ಇಡುತ್ತಿದ್ದರು. ನಡುಗುತ್ತಿದ್ದ ಕೈಗೆ ಇಷ್ಟು ನಾಜೂಕು ಬಂತಲ್ಲ ಎಂದು ನಾವು ಸಂತೋಷಪಟ್ಟದ್ದು ಈಗ ನೆನೆದರೆ ನಾಚಿಕೆಯಾಗುತ್ತದೆ. ಕೆಲವು ವಾರಗಳ ನಂತರ ಬ್ಯಾಂಕ್ ಖಾತೆಯ ವಿವರ ತೆಗೆಸಿದಾಗ, ಬಾಳಿನಲ್ಲಿ ಒಮ್ಮೆಯೂ ಪಣ ಕಟ್ಟದ ಮನುಷ್ಯ ಮೊಬೈಲ್ ಜೂಜಿನಲ್ಲಿ ಉಳಿತಾಯದ ದೊಡ್ಡ ಪಾಲನ್ನು ಕಳೆದಿರುವುದು ಗೊತ್ತಾಯಿತು.

ಚಲನೆಗೆ ಬೇಕಾದ, ಪಾರ್ಕಿನ್ಸನ್‌ನಲ್ಲಿ ಕಡಿಮೆಯಾಗುವ ಮೆದುಳಿನ ರಾಸಾಯನಿಕವೇ ಡೋಪಮೈನ್; ಪ್ರಮಿಪೆಕ್ಸೋಲ್ ಅದನ್ನು ಉತ್ಪಾದಿಸುವುದಿಲ್ಲ. ತಾನೇ ಡೋಪಮೈನ್‌ನ ಜಾಗದಲ್ಲಿ ಕುಳಿತು, ಅದರ ಸಂಕೇತವನ್ನು ಸ್ವೀಕರಿಸುವ ನರಕೋಶಗಳ ಮೇಲಿನ ಗ್ರಾಹಕಗಳನ್ನು (ರಿಸೆಪ್ಟರ್) ಚುರುಕುಗೊಳಿಸುತ್ತದೆ. ಡಿ3 ಎಂಬ ಗ್ರಾಹಕಗಳ ಕಡೆಗೆ ಅದರ ಒಲವು ಹೆಚ್ಚು, ಮತ್ತು ಅವು ಆಸೆ, ತೃಪ್ತಿಗಳಿಗೆ ಸಂಬಂಧಿಸಿದ ಭಾಗಗಳಲ್ಲಿ ಹೆಚ್ಚಾಗಿವೆ. ಮೂರು ಸಾವಿರಕ್ಕೂ ಹೆಚ್ಚು ಪಾರ್ಕಿನ್ಸನ್ ರೋಗಿಗಳನ್ನು ಕುರಿತು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜೂಜು, ಅತಿಯಾದ ಖರೀದಿ, ಹದ್ದು ಮೀರಿದ ಕಾಮಾಸಕ್ತಿ, ತಿನ್ನುವ ಗೀಳು ಇವುಗಳಲ್ಲಿ ಒಂದಾದರೂ ಹೀಗೆ ಡೋಪಮೈನ್‌ನಂತೆ ವರ್ತಿಸುವ ವರ್ಗದ ಔಷಧ ಸೇವಿಸುವವರಲ್ಲಿ ಶೇ. 17.1ರಷ್ಟು, ಸೇವಿಸದವರಲ್ಲಿ ಶೇ. 6.9ರಷ್ಟು ಮಂದಿಗೆ ಇತ್ತು.

ಪೊಟ್ಟಣದೊಳಗಿನ ಮಾಹಿತಿ ಪತ್ರದಲ್ಲಿ ಇದು ಇಲ್ಲವೆಂದರೆ ಸುಳ್ಳಾಗುತ್ತದೆ. ಇದೆ, ಸಣ್ಣ ಅಕ್ಷರಗಳ ನಡುವೆ, ರೋಗಿ ಓದಿಕೊಳ್ಳಲಿ ಎಂಬಂತೆ ಇದೆ. ನನ್ನ ತಕರಾರು ಇಲ್ಲಿಯೇ. ಗೀಳು ಹತ್ತಿದವರಿಗೆ ಅದು ಗೀಳೆಂದು ತೋರುವುದಿಲ್ಲ; "ಆಗ ನನಗೇನೂ ತಪ್ಪು ಅನ್ನಿಸಲೇ ಇಲ್ಲಮ್ಮ" ಎಂದು ತಂದೆಯವರು ಆಮೇಲೆ ಹೇಳಿದರು. ಪ್ರತಿ ಭೇಟಿಯಲ್ಲೂ ಮಲಬದ್ಧತೆಯ ಬಗ್ಗೆ ವಿಚಾರಿಸುತ್ತಿದ್ದ ವೈದ್ಯರು ಹಣದ ಬಗ್ಗೆ, ರಾತ್ರಿಯ ಹೊತ್ತಿನ ಬಗ್ಗೆ ಮನೆಯವರನ್ನು ಒಮ್ಮೆಯೂ ಕೇಳಲಿಲ್ಲ.

ಗಾಬರಿಯಿಂದ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಬೇಡಿ. ಹಾಗೆ ಮಾಡಿದರೆ ತೀವ್ರ ಆತಂಕ, ಖಿನ್ನತೆ, ಬೆವರು, ನೋವು ಕಾಡಬಹುದು. ನಮ್ಮ ಕೋರಿಕೆಯ ಮೇಲೆ ವೈದ್ಯರು ವಾರಗಟ್ಟಲೆ ಸಮಯ ತೆಗೆದುಕೊಂಡು ಪ್ರಮಾಣವನ್ನು ಇಳಿಸಿ, ಮೆದುಳಿನಲ್ಲಿ ಡೋಪಮೈನ್ ಆಗಿ ಮಾರ್ಪಡುವ ಲೆವೊಡೋಪ ಎಂಬ ಇನ್ನೊಂದು ಔಷಧವನ್ನು ಹೆಚ್ಚಿಸಿದರು. ರೋಪಿನಿರೋಲ್ ಮಾತ್ರೆ, ಚರ್ಮಕ್ಕೆ ಅಂಟಿಸುವ ರೊಟಿಗೋಟಿನ್ ಪಟ್ಟಿ ಇವೂ ಇದೇ ವರ್ಗದವಾದ್ದರಿಂದ ಅವುಗಳಿಗೆ ಬದಲಿಸಿದರೆ ಅಪಾಯ ತಪ್ಪಿತೆಂದು ತಿಳಿಯುವಂತಿಲ್ಲ.

ಚಲನೆಯ ಮಟ್ಟಿಗೆ ಈ ಔಷಧಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಎಚ್ಚರಿಕೆ ಕೊಡುವ ರೀತಿಗೆ ಒಂದೇ. ಎರಡು ತಿಂಗಳಲ್ಲಿ ಜೂಜು ಬಿಟ್ಟುಹೋಯಿತು. ಗುಂಡಿ ಹಾಕಿಕೊಳ್ಳಲು ಮಾತ್ರ ತಂದೆಯವರಿಗೆ ಈಗ ಮತ್ತೆ ಹತ್ತು ನಿಮಿಷ ಬೇಕಾಗುತ್ತದೆ.